ಕಂಬಕ್ಕೆ ಗುಂಡಿ ತೋಡುವ ಮುಂಚೆ ಸರಳು ಚುಚ್ಚಿ ನೋಡಿ

ಪ್ರಶ್ನೆ: ಜಮೀನಿನ ಒಂದು ಬದಿಗೆ ಸುಮಾರು 120 ಮೀಟರ್ ಉದ್ದ ತಂತಿ ಬೇಲಿ ಹಾಕಬೇಕು. ಎಂಟು ಅಡಿಗೊಂದು ಮರದ ಕಂಬ ಅಂತ ಲೆಕ್ಕ ಹಾಕಿದ್ದೆ. ನೆಲ ಪೂರ್ತಿ ಕಲ್ಲು. ಟ್ರ್ಯಾಕ್ಟರಿಗೆ ಹಾಕಿ ಗುಂಡಿ ಕೊರೆಯುವ ಅಗರ್ ತರಿಸಿ ಶುರು ಮಾಡಿದೆ. ಮೊದಲ ಎರಡು ಗುಂಡಿ ಸಲೀಸಾಗಿ ಆಯಿತು. ಮೂರನೆಯದು ಒಂದು ಅಡಿಗೇ ನಿಂತುಹೋಯಿತು. ನಾಲ್ಕನೆಯದರಲ್ಲಿ ಅಗರ್‌ನ ಬೋಲ್ಟೇ ಮುರಿಯಿತು. ಈಗ ಕೆಲಸ ನಿಲ್ಲಿಸಿದ್ದೇನೆ. ನೆಲದೊಳಗೆ ಕಲ್ಲು ಎಲ್ಲಿದೆ ಅಂತ ಅಗೆಯುವ ಮುಂಚೆಯೇ ತಿಳಿಯುವ ದಾರಿ ಇದೆಯಾ? ಇದಕ್ಕೆ ಯಂತ್ರ ಏನಾದರೂ ಸಿಗುತ್ತದಾ?

ಉತ್ತರ: ದಾರಿ ಇದೆ. ಯಂತ್ರ ಬೇಕಿಲ್ಲ. ನಾಲ್ಕೂವರೆ ಅಡಿಯ ಕಬ್ಬಿಣದ ಸರಳೊಂದು, ಒಂದು ಹಾರೆ, ಒಂದೆರಡು ಬಕೆಟ್ ನೀರು, ಒಂದು ನೋಟ್‌ಬುಕ್ ಇದ್ದರೆ ಸಾಕು. ಎಂಟು ಅಡಿಗೊಂದರಂತೆ 120 ಮೀಟರಿಗೆ ನಿಮಗೆ ಸುಮಾರು 50 ಕಂಬ ಬೇಕು. ಒಂದೊಂದು ಜಾಗದಲ್ಲಿ ಐದೈದು ಸಲ ಚುಚ್ಚಿದರೂ 250 ಸಲ. ಇಬ್ಬರಿದ್ದರೆ ಒಂದು ದಿನದಲ್ಲಿ ಮುಗಿಯುತ್ತದೆ. ಕಲ್ಲು ಸಿಕ್ಕ ಒಂದೇ ಗುಂಡಿಯ ಮುಂದೆ ಅರ್ಧ ದಿನ ಕೂತವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಕಲ್ಲು ಹುಡುಕುತ್ತಾ ಹೋದರೆ ಕಲ್ಲೇ ಸಿಗುತ್ತದೆ, ನಿಮ್ಮ ನೆಲದಲ್ಲಿ ಅದಕ್ಕೇನು ಬರ! ಕಂಬಕ್ಕೆ ಬೇಕಾದ್ದು ಒಂದು ಗೇಣು ಅಗಲದ, ಎರಡೂವರೆ ಅಡಿ ಆಳದ ಸಂದು. ಸರಳು ಹಿಡಿದು ನೀವು ಹುಡುಕಬೇಕಾದ್ದು ಆ ಸಂದನ್ನು. ಇದು ತಲೆಯಲ್ಲಿದ್ದರೆ ಕೆಲಸದ ರೀತಿಯೇ ಬೇರೆಯಾಗುತ್ತದೆ. ಕಲ್ಲು ತಗಲಿದ ಕೂಡಲೇ ಅದರ ಜೊತೆ ಗುದ್ದಾಟಕ್ಕೆ ಇಳಿಯುವುದಿಲ್ಲ. ಅದು ಎಲ್ಲಿ ಮುಗಿಯುತ್ತದೆ ಅಂತ ನೋಡುತ್ತೀರಿ.

ಚುಚ್ಚುವ ಮುಂಚೆ ಒಂದು ಎಚ್ಚರಿಕೆ. ಆ ಬದಿಯಲ್ಲಿ ನೆಲದಡಿ ಕರೆಂಟ್ ಕೇಬಲ್, ಗ್ಯಾಸ್ ಪೈಪು, ನೀರಿನ ಪೈಪು ಹೋಗಿದೆಯಾ ಅಂತ ಸಂಬಂಧಪಟ್ಟವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಪಂಪ್‌ಸೆಟ್ಟಿಗೆ ಹಿಂದೆ ಯಾರೋ ಎಳೆದ ಕೇಬಲ್ ಇರಬಹುದು, ಅದನ್ನೂ ವಿಚಾರಿಸಿ. ಒಬ್ಬ ಮನುಷ್ಯನ ಭಾರ ಬಿದ್ದ ಚೂಪು ಸರಳು ಕೇಬಲ್ಲಿನ ಹೊದಿಕೆಯನ್ನು ಸುಲಭವಾಗಿ ಸೀಳುತ್ತದೆ. ಸರಳು ಹಿಡಿದಿರುವುದು ಬರಿಗೈ ಅಲ್ವಾ? ಅನುಮಾನ ಇರುವ ಕಡೆ ಚುಚ್ಚಲೇಬೇಡಿ.

ಯಂತ್ರದ ಮಾತು ಬೇಗ ಮುಗಿಸಿಬಿಡುತ್ತೇನೆ. ಮೆಟಲ್ ಡಿಟೆಕ್ಟರ್ ಹುಡುಕುವುದು ಲೋಹವನ್ನು. ಕಬ್ಬಿಣದ ಅಂಶ ಜಾಸ್ತಿ ಇರುವ ಮುಷ್ಟಿಗಾತ್ರದ ಕಲ್ಲಿಗೆ ಅದು ಸುಮ್ನೆ ಕಿರುಚಬಹುದು, ಪಕ್ಕದಲ್ಲೇ ಇರುವ ಎಮ್ಮೆಗಾತ್ರದ ಬಂಡೆಗೆ ತುಟಿ ಬಿಚ್ಚದೆ ಇರಬಹುದು. ನೆಲದೊಳಗೆ ರೇಡಿಯೋ ಅಲೆ ಬಿಟ್ಟು ನೋಡುವ ರಾಡಾರ್ ಇದೆ. ಒಣ ಮರಳು ನೆಲದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒದ್ದೆ ಜೇಡಿಮಣ್ಣಿನಲ್ಲಿ ಮಾತ್ರ ಅಲೆಗಳು ಮೇಲುಮೇಲೇ ಸತ್ತುಹೋಗುತ್ತವೆ. ನೆಲದ ತುಂಬಾ ಕಲ್ಲಿದ್ದರೆ ಪರದೆಯ ತುಂಬಾ ಗೀರುಗಳು ಮೂಡುತ್ತವೆ, ಅವನ್ನು ಓದಲು ಪಳಗಿದ ಕಣ್ಣು ಬೇಕು. ರಸ್ತೆ, ಕಟ್ಟಡದ ಕೆಲಸಕ್ಕೆ ಅದು ಸರಿ. 50 ಕಂಬದ ಬೇಲಿಗೆ ಅದನ್ನು ತರಿಸುವುದು ಸೊಳ್ಳೆ ಹೊಡೆಯಲು ಕೊಡಲಿ ಎತ್ತಿದ ಹಾಗೆ.

ಈಗ ಸರಳಿನ ವಿಷಯ. 12 ಮಿಲಿಮೀಟರ್ ದಪ್ಪದ್ದು ಸರಿಯಾಗುತ್ತದೆ. ಅದಕ್ಕಿಂತ ಸಣ್ಣದು ಬಾಗುತ್ತದೆ. 16 ಮಿಲಿಮೀಟರಿನದು ಬಾಗುವುದಿಲ್ಲ, ಆದರೆ ಹತ್ತು ಕಡೆ ಚುಚ್ಚುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ಮೇಲೆ ಅಡ್ಡ ಹಿಡಿ ವೆಲ್ಡ್ ಮಾಡಿಸಿ, ಹಿಡಿಗೆ ಹಳೆಯ ರಬ್ಬರ್ ಪೈಪು ತೊಡಿಸಿ. ತುದಿ ಸೂಜಿಯಂತೆ ಇರಬಾರದು. ಬರೆದು ಬರೆದು ಸವೆದ ಪೆನ್ಸಿಲಿನಷ್ಟು ಚೂಪು ಸಾಕು. ವೆಲ್ಡಿಂಗ್ ಮಾಡುವವರಿಗೆ ಹೇಳಿ ತುದಿಯನ್ನು ಸರಳಿಗಿಂತ ಒಂದೆರಡು ಮಿಲಿಮೀಟರ್ ದಪ್ಪ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ತುದಿ ಕೊರೆದ ತೂತಿನಲ್ಲಿ ಉಳಿದ ಸರಳು ಸಡಿಲವಾಗಿ ಇಳಿಯುತ್ತದೆ, ಮಣ್ಣು ಅದನ್ನು ಸುತ್ತಲಿಂದ ಹಿಡಿದುಕೊಳ್ಳುವುದಿಲ್ಲ. ಆಗ ನಿಮ್ಮ ಕೈಗೆ ಬರುವುದು ತುದಿಯ ಸುದ್ದಿ ಮಾತ್ರ. ಕೊನೆಗೆ, ಹತ್ತು ಹತ್ತು ಸೆಂಟಿಮೀಟರಿಗೆ ಅರದಿಂದ ಒಂದೊಂದು ಗೀರು ಹಾಕಿ. ಪೇಂಟ್ ಬಳಿದರೆ ಮೊದಲ ದಿನವೇ ಉಜ್ಜಿ ಹೋಗುತ್ತದೆ.

ಸಮಯವೂ ಮುಖ್ಯ. ಒಳ್ಳೆಯ ಮಳೆ ಬಿದ್ದು ಎರಡು ಮೂರು ದಿನ ಆದ ಮೇಲೆ ಚುಚ್ಚಿ. ಬಿರುಬಿಸಿಲಿಗೆ ಒಣಗಿ ಗಟ್ಟಿಯಾದ ನೆಲದಲ್ಲಿ ಎಲ್ಲವೂ ಕಲ್ಲಿನ ಹಾಗೇ ಅನ್ನಿಸುತ್ತದೆ. ಮಳೆಗೆ ಕಾಯುವ ಹಾಗಿಲ್ಲ ಅಂದರೆ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಸರಳನ್ನು ನೆಟ್ಟಗೆ ಹಿಡಿದು ಎರಡೂ ಕೈಯಿಂದ ಒತ್ತಿ, ಮೈಭಾರ ಬಿಡಿ. ಸುತ್ತಿಗೆಯಿಂದ ಹೊಡೆಯಬೇಡಿ. ಹೊಡೆದರೆ ಸರಳು ಇಳಿಯಬಹುದು, ಆದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಇಡೀ ಕೆಲಸ ನಿಂತಿರುವುದೇ ಕೈಯ ಮೇಲೆ. ಮೊದಲ ಹತ್ತು ಹದಿನೈದು ಸಲ ಎಲ್ಲಾ ಒಂದೇ ಥರ ಇದೆಯಲ್ಲ ಅನ್ನಿಸುತ್ತದೆ. ಆಮೇಲೆ ಬೇರೆ ಬೇರೆಯಾಗಿ ಕೇಳಿಸತೊಡಗುತ್ತದೆ.

ದೊಡ್ಡ ಕಲ್ಲಾದರೆ ಸರಳು ಇಳಿಯುತ್ತಾ ಇಳಿಯುತ್ತಾ ಥಟ್ಟನೆ ನಿಲ್ಲುತ್ತದೆ. ಠಣ್ ಅನ್ನುವ ಸದ್ದು, ಮೊಣಕೈವರೆಗೂ ಒಂದು ಹೊಡೆತ. ಒಂದಿಷ್ಟು ಎತ್ತಿ ಮತ್ತೆ ಕುಕ್ಕಿದರೆ ಅದೇ ಜಾಗದಲ್ಲಿ ಅದೇ ಸದ್ದು ಬರುತ್ತದೆ. ಚಿಕ್ಕ ಬಿಡಿಗಲ್ಲಾದರೆ ಸದ್ದು ಮಂದ. ಎರಡನೇ ಕುಕ್ಕಿಗೆ ಕಲ್ಲು ಸ್ವಲ್ಪ ಸರಿಯುತ್ತದೆ, ಸರಳು ಅದರ ಪಕ್ಕ ಜಾರುತ್ತದೆ. ಗರಸು ಮಣ್ಣಾದರೆ ಉದ್ದಕ್ಕೂ ಕರಕರ ಅನ್ನುತ್ತಾ, ಆ ಕಡೆ ಈ ಕಡೆ ಅಲ್ಲಾಡಿಸಿದಂತೆ ಇಳಿಯುತ್ತದೆ. ಬೇರು ಸಿಕ್ಕರೆ ಸದ್ದೇ ಇರುವುದಿಲ್ಲ, ಮಂಚದ ಹಗ್ಗದ ಮೇಲೆ ಒತ್ತಿದ ಹಾಗೆ ಸರಳು ಹಿಂದಕ್ಕೆ ಚಿಮ್ಮುತ್ತದೆ. ಗಟ್ಟಿಮಣ್ಣಿನ ಪದರ ಇದ್ದರೆ ಥಟ್ಟನೆ ನಿಲ್ಲುವುದಿಲ್ಲ, ಬಿಗಿ ಹೆಚ್ಚುತ್ತಾ ಹೆಚ್ಚುತ್ತಾ ಹೋಗಿ ಕೊನೆಗೆ ನಿಲ್ಲುತ್ತದೆ. ಇನ್ನೊಂದು ಜಾತಿ ಇದೆ, ಅರ್ಧ ಮಣ್ಣಾದ ಕಲ್ಲು. ಒತ್ತಿದಷ್ಟಕ್ಕೂ ಒಂದೊಂದು ಬೆರಳು ಇಳಿಯುತ್ತದೆ, ಒಳಗೆ ಬೆಲ್ಲದ ಅಚ್ಚು ಪುಡಿಯಾದ ಹಾಗೆ ಅನ್ನಿಸುತ್ತದೆ. ಇದಕ್ಕೆ ಹೆದರಬೇಡಿ, ಹಾರೆಗೂ ಅಗರ್‌ಗೂ ಇದು ಬಗ್ಗುತ್ತದೆ.

ಸರಳು ಮೇಲಕ್ಕೆ ಎಳೆದ ಮೇಲೆ ಅದರ ತುದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ತುಂಬಾ ಜನ ಇದನ್ನು ಮಾಡುವುದಿಲ್ಲ, ನನಗೆ ಇದೇ ಅರ್ಧ ಉತ್ತರ ಕೊಡುತ್ತದೆ. ತುದಿಯಲ್ಲಿ ಹೊಸದಾಗಿ ಹೊಳೆಯುವ ಗೀರು, ಅದಕ್ಕೆ ಅಂಟಿದ ಬಿಳಿ ಪುಡಿ ಇದ್ದರೆ ಗಟ್ಟಿ ಕಲ್ಲು. ಹಳದಿಯೋ ಕಂದೋ ಬಣ್ಣದ, ಬೆರಳಲ್ಲಿ ಉಜ್ಜಿದರೆ ಹರಳು ಹರಳಾಗಿ ಸಿಗುವ ಪುಡಿ ಇದ್ದರೆ ಅರ್ಧ ಮಣ್ಣಾದ ಕಲ್ಲು. ಒದ್ದೆ ನಾರು, ಹಸಿ ತೊಗಟೆಯ ವಾಸನೆ ಇದ್ದರೆ ಬೇರು. ನುಣುಪಾಗಿ ಮೆತ್ತಿದ ಮಣ್ಣು ಮಾತ್ರ ಇದ್ದರೆ, ಎಷ್ಟೇ ಬಿಗಿಯಾಗಿ ನಿಂತಿರಲಿ, ಅದು ಕಲ್ಲಲ್ಲ.

ಆದರೂ ಅನುಮಾನ ಉಳಿದರೆ ನೀರು ಹಾಕಿ. ಮುಂಚೆ ಹೇಳುತ್ತೇನೆ ಅಂದ ಉಪಾಯ ಇದೇ. ಹಾರೆಯಿಂದ ಒಂದು ಅಡಿ ಆಳದ ಕಿರುಗುಂಡಿ ಮಾಡಿ, ಸಂಜೆ ಅದರ ತುಂಬಾ ನೀರು ಬಿಟ್ಟು ಬನ್ನಿ. ಬೆಳಗ್ಗೆ ಮತ್ತೆ ಸರಳು ಒತ್ತಿ. ಗಟ್ಟಿಮಣ್ಣಾಗಿದ್ದರೆ ನೆನೆದಿರುತ್ತದೆ, ಸರಳು ಸದ್ದಿಲ್ಲದೆ ಇನ್ನೊಂದು ಗೇಣು ಇಳಿಯುತ್ತದೆ. ಕಲ್ಲು ಒಂದು ರಾತ್ರಿಯಲ್ಲಿ ನೆನೆಯುವುದಿಲ್ಲ. ಇನ್ನೊಂದು ಲಾಭವೂ ಇದೆ: ಗುಂಡಿಯ ನೀರು ಅರ್ಧ ಗಂಟೆಯಲ್ಲಿ ಮಾಯವಾದರೆ ಕೆಳಗೆ ಗರಸೋ ಕಲ್ಲಿನ ಬಿರುಕೋ ಇದೆ. ಬೆಳಗಾದರೂ ನಿಂತೇ ಇದ್ದರೆ ಕೆಳಗೆ ಜೇಡಿಯೋ ಹಾಸುಬಂಡೆಯೋ ಇದೆ. ಮರದ ಕಂಬಕ್ಕೆ ನಿಂತ ನೀರು ಒಳ್ಳೆಯದಲ್ಲ, ಅಂಥ ಗುಂಡಿಯನ್ನು ಬರೆದಿಟ್ಟುಕೊಳ್ಳಿ.

ಕಲ್ಲಿದೆ ಅಂತ ಗೊತ್ತಾಯಿತು. ಎಷ್ಟು ದೊಡ್ಡದು? ಇದಕ್ಕೇ ಐದು ಸಲ ಚುಚ್ಚಿ ಅಂದದ್ದು. ಕಂಬದ ಗುರುತಿಗೆ ಹೊಡೆದ ಗೂಟದ ಜಾಗದಲ್ಲಿ ಒಂದು, ಬೇಲಿಯ ಸಾಲಿನಲ್ಲೇ ಎಡಕ್ಕೊಂದು ಬಲಕ್ಕೊಂದು, ಸಾಲಿಗೆ ಅಡ್ಡವಾಗಿ ಹಿಂದೊಂದು ಮುಂದೊಂದು. ನಡುವೆ ಒಂದು ಗೇಣು ಅಂತರ ಇರಲಿ. ಪ್ರತಿ ಸಲವೂ ಸರಳು ಎಷ್ಟು ಆಳಕ್ಕೆ ನಿಂತಿತು ಅಂತ ಸೆಂಟಿಮೀಟರಿನಲ್ಲಿ ಬರೆಯಿರಿ. ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

"ಗೂಟ 7. ನಡು 40, ಠಣ್. ಎಡ 42, ಠಣ್. ಬಲ 55, ಜಾರಿತು. ಇನ್ನೂ ಒಂದು ಗೇಣು ಬಲಕ್ಕೆ, ಪೂರ್ತಿ ಇಳಿಯಿತು. ಹಿಂದೆ 38. ಮುಂದೆ 60, ಜಾರಿತು. ತುದಿ ಬಿಳಿ."

ಇದನ್ನು ಓದುವುದು ಕಷ್ಟವಲ್ಲ. ಕಲ್ಲಿನ ನೆತ್ತಿ ಎಡಕ್ಕೂ ಹಿಂದಕ್ಕೂ ಇದೆ. ಬಲಕ್ಕೂ ಮುಂದಕ್ಕೂ ಅದರ ಹೆಗಲು ಇಳಿಜಾರಾಗಿದೆ, ಸರಳು ಆ ಹೆಗಲ ಮೇಲೆ ಜಾರಿದೆ. ಎರಡು ಗೇಣು ಬಲಕ್ಕೆ ಕಲ್ಲು ಮುಗಿದಿದೆ. ಅಂದರೆ ಇದು ಗುಂಡುಕಲ್ಲು, ಕಂಬ ಎರಡು ಗೇಣು ಬಲಕ್ಕೆ ಹೋದರೆ ಆಯಿತು. ಐದೂ ಕಡೆ 40, 41, 40, 39, 40 ಅಂತ ಬಂದಿದ್ದರೆ ಕಥೆ ಬೇರೆ. ಅದು ಹಾಸುಬಂಡೆ, ಎರಡು ಗೇಣು ಸರಿದು ಪ್ರಯೋಜನ ಇಲ್ಲ. ನಡುವೆ ಮಾತ್ರ ತಗಲಿ ಸುತ್ತ ನಾಲ್ಕೂ ಕಡೆ ಪೂರ್ತಿ ಇಳಿದರೆ ಅದು ತೆಂಗಿನಕಾಯಿ ಗಾತ್ರದ ಕಲ್ಲು, ಹಾರೆಯಿಂದ ಮೀಟಿ ತೆಗೆಯಬಹುದು.

ಎರಡು ಸರಳಿದ್ದರೆ ಇನ್ನೊಂದು ಆಟ ಆಡಬಹುದು. ಒಂದು ಅಡಿ ಅಂತರದಲ್ಲಿ ಎರಡೂ ಸರಳು ಕಲ್ಲಿಗೆ ತಗಲಿವೆ ಅಂದುಕೊಳ್ಳಿ. ಅದು ಒಂದೇ ಕಲ್ಲಾ, ಎರಡಾ? ಒಬ್ಬರು ಒಂದು ಸರಳನ್ನು ಮೆತ್ತಗೆ ಹಿಡಿದುಕೊಳ್ಳಿ, ಇನ್ನೊಬ್ಬರು ಮತ್ತೊಂದರ ನೆತ್ತಿಗೆ ಸಣ್ಣ ಸುತ್ತಿಗೆಯಿಂದ ತಟ್ಟಲಿ. ಹಿಡಿದ ಸರಳು ಜುಮ್ ಅಂದರೆ ಎರಡೂ ನಿಂತಿರುವುದು ಒಂದೇ ಕಲ್ಲಿನ ಮೇಲೆ. ಏನೂ ಅನ್ನಿಸದಿದ್ದರೆ ನಡುವೆ ಮಣ್ಣಿದೆ, ಅಂದರೆ ನಿಮಗೆ ಬೇಕಾದ ಸಂದು ಅಲ್ಲೇ ಇರಬಹುದು.

ಸರಳು ಹಿಡಿಯುವ ಮುಂಚೆ ಒಮ್ಮೆ ಸಾಲಿನ ಉದ್ದಕ್ಕೂ ಬರಿಗೈಯಲ್ಲಿ ನಡೆಯಿರಿ. ನೆಲ ಮೇಲಿನಿಂದಲೇ ಸಾಕಷ್ಟು ಹೇಳುತ್ತದೆ. ಮಳೆ ನಿಂತ ಮೇಲೆ ಎಲ್ಲಕ್ಕಿಂತ ಮೊದಲು ಹಳದಿಯಾಗುವ ಹುಲ್ಲಿನ ತೇಪೆಗಳ ಕೆಳಗೆ ಮಣ್ಣು ತೆಳು, ಕಲ್ಲು ಹತ್ತಿರ. ದಿಬ್ಬದ ನೆತ್ತಿಯಲ್ಲಿ ಮಣ್ಣು ಕೊಚ್ಚಿಹೋಗಿರುತ್ತದೆ, ಇಳಿಜಾರಿನ ಬುಡದಲ್ಲಿ ಬಂದು ಕೂತಿರುತ್ತದೆ. ಆಳಕ್ಕೆ ಬೇರು ಬಿಡುವ ಮರಗಿಡ ಚೆನ್ನಾಗಿ ಬೆಳೆದ ಕಡೆ ಬೇರಿಗೆ ದಾರಿ ಸಿಕ್ಕಿದೆ, ಕಂಬಕ್ಕೂ ಸಿಗಬಹುದು. ಅಂಗೈ ಅಗಲ ಹೊರಗೆ ಕಾಣುವ ಕಲ್ಲನ್ನು ಚಿಕ್ಕದು ಅಂತ ನಂಬಬೇಡಿ, ಒಳಗೆ ಎಷ್ಟಿದೆಯೋ! ನೀರು ನೆಲದೊಳಗೆ ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಇನ್ನೊಂದು ತೊಂದರೆ. ಹೆಪ್ಪುಗಟ್ಟುವಾಗ ಮಣ್ಣು ಉಬ್ಬಿ ಕಲ್ಲನ್ನು ಎತ್ತುತ್ತದೆ, ಕರಗುವಾಗ ಅದರಡಿಯ ಖಾಲಿ ಜಾಗಕ್ಕೆ ಸಣ್ಣ ಮಣ್ಣು ಇಳಿದು ಕಲ್ಲು ಮೇಲೇ ಉಳಿಯುತ್ತದೆ. ಅಂಥ ಕಡೆ ಹಿಂದೆ ಆರಿಸಿ ತೆಗೆದ ಹೊಲದಲ್ಲೂ ಹೊಸ ಕಲ್ಲು ಏಳುತ್ತಲೇ ಇರುತ್ತದೆ.

ನಿಮ್ಮದು ಜಮೀನಿನ ಅಂಚು, ಆದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಹೊಲ ಉತ್ತವರು ತಲೆಮಾರುಗಳಿಂದ ನೇಗಿಲಿಗೆ ಸಿಕ್ಕ ಕಲ್ಲನ್ನೆಲ್ಲ ಎಲ್ಲಿ ಎಸೆದಿರುತ್ತಾರೆ ಹೇಳಿ? ಅಂಚಿನಲ್ಲೇ ಅಲ್ವಾ. ಆಮೇಲೆ ಅದರ ಮೇಲೆ ಮಣ್ಣು ಬಂದು ಕೂತು ಹುಲ್ಲು ಬೆಳೆದಿರುತ್ತದೆ. ಬೇಲಿ ಹಾಕುವುದು ಸರಿಯಾಗಿ ಆ ಸಾಲಿನಲ್ಲೇ. ಇಂಥ ಕಡೆ ಸರಳು ಮೊದಲ ಒಂದು ಅಡಿಯಲ್ಲೇ ಪದೇ ಪದೇ ತಗಲುತ್ತದೆ, ಸದ್ದು ಮಂದವಾಗಿರುತ್ತದೆ, ಆಳ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಇದು ಎಸೆದ ಕಲ್ಲು. ಗುದ್ದಲಿ ಹಿಡಿದು ಮೇಲಿನ ಪದರ ತೆಗೆದು ನೋಡಿ, ಕೆಳಗೆ ಒಳ್ಳೆಯ ಮಣ್ಣು ಸಿಗುವ ಸಾಧ್ಯತೆ ಇದೆ. ನಿಮ್ಮದೇ ಎಲ್ಲೆಯೊಳಗೆ ಬೇಲಿಯನ್ನು ಒಂದು ಮೊಳ ಒಳಕ್ಕೆ ತಂದರೂ ಅರ್ಧ ಕಷ್ಟ ತಪ್ಪಬಹುದು.

ಕಲ್ಲಿನ ಜಾತಿ ನೋಡಿದರೆ ಸಂದು ಎಲ್ಲಿ ಸಿಗಬಹುದು ಅಂತ ಅಂದಾಜು ಸಿಗುತ್ತದೆ. ಗ್ರಾನೈಟ್ ನೆಲದಲ್ಲಿ ಕಲ್ಲು ಬಿರುಕುಗಳ ಉದ್ದಕ್ಕೂ ಮಣ್ಣಾಗುತ್ತಾ ಹೋಗುತ್ತದೆ. ಮೂಲೆಗಳು ಮೊದಲು ಸವೆಯುತ್ತವೆ, ನಡುವಿನ ತಿರುಳು ಗುಂಡಗೆ ಉಳಿದುಕೊಳ್ಳುತ್ತದೆ. ಅದಕ್ಕೇ ಅಲ್ಲಿ ಒಂದು ಕಡೆ ಬಂಡೆ, ಎರಡು ಅಡಿ ಆಚೆ ಮೆದು ಮಣ್ಣು. ಕಂಬ ಸರಿಸುವ ಉಪಾಯ ಇಲ್ಲಿ ಚೆನ್ನಾಗಿ ಫಲಿಸುತ್ತದೆ. ಸುಣ್ಣಕಲ್ಲಿನ ನೆಲದಲ್ಲಿ ನೀರು ಬಿರುಕುಗಳನ್ನು ಕರಗಿಸಿ ಅಗಲ ಮಾಡಿರುತ್ತದೆ, ಬಿರುಕು ಸಿಕ್ಕರೆ ಸರಳು ಹಿಡಿಯವರೆಗೂ ಇಳಿಯುತ್ತದೆ. ಪದರ ಪದರದ ಕಲ್ಲಿದ್ದರೆ ಹತ್ತಿರ ಎಲ್ಲಾದರೂ ಅದು ಹೊರಗೆ ಇಣುಕಿದ ಜಾಗ ಹುಡುಕಿ. ಪದರ ಯಾವ ಕಡೆ ವಾಲಿದೆಯೋ ಆ ಕಡೆ ಹೋದಷ್ಟೂ ಕಲ್ಲು ಆಳಕ್ಕೆ ಇಳಿಯುತ್ತದೆ. ಹಳೆಯ ಹೊಳೆಯ ಪಾತ್ರವಾಗಿದ್ದ ನೆಲದಲ್ಲಿ ಮಾತ್ರ ಸರಳು ಕೈ ಚೆಲ್ಲುತ್ತದೆ. ಉರುಟು ಕಲ್ಲುಗಳು ಒತ್ತೊತ್ತಾಗಿ ತುಂಬಿರುತ್ತವೆ, ಚುಚ್ಚಿದ ಕಡೆಯೆಲ್ಲಾ ಠಣ್. ಅಲ್ಲಿ ಚುಚ್ಚುತ್ತಾ ಕೂರಬೇಡಿ. ಕಲ್ಲುಗಳು ಬಿಡಿಯಾಗಿರುವುದರಿಂದ ಹಾರೆಯಿಂದ ಒಂದೊಂದೇ ಎಬ್ಬಿಸಿ ಕೈಯಿಂದ ತೆಗೆಯುವುದೇ ಬೇಗ.

ಇಷ್ಟೆಲ್ಲಾ ತಿಳಿದ ಮೇಲೂ ಎಡವುವುದು ಒಂದು ಕಡೆ, ಅದು ಕ್ರಮದಲ್ಲಿ. ನಾನೇ ಎಡವಿದ್ದೇನೆ. ನನ್ನ ಮೊದಲ ಬೇಲಿಯನ್ನು ಒಂದು ತುದಿಯಿಂದ ಶುರು ಮಾಡಿ, ಎಂಟೆಂಟು ಅಡಿ ಅಳೆದು ಕಂಬ ನೆಡುತ್ತಾ ಹೋದೆ. ಕಲ್ಲು ಸಿಕ್ಕ ಕಡೆ ಒಡೆದೆ, ಬೆವರಿದೆ, ಮುಂದೆ ಹೋದೆ. ಮೂವತ್ತು ಕಂಬ ಆದ ಮೇಲೆ ಕೊನೆಯ ಮೂಲೆಗೆ ಬಂದರೆ ಅಲ್ಲಿ ಒಂದು ಅಡಿಗೂ ಕಡಿಮೆ ಆಳದಲ್ಲಿ ಹಾಸುಬಂಡೆ. ತಂತಿಯ ಎಳೆತವನ್ನೆಲ್ಲಾ ಹೊರಬೇಕಾದ ಕಂಬವೇ ಅದು! ಕೊನೆಗೆ ಮೂಲೆಯನ್ನೇ ನಾಲ್ಕು ಅಡಿ ಒಳಕ್ಕೆ ತಂದು, ಅದಕ್ಕೆ ಹೊಂದುವಂತೆ ನೆಟ್ಟಿದ್ದ ಆರು ಕಂಬ ಕಿತ್ತು ಮತ್ತೆ ನೆಡಬೇಕಾಯಿತು. ಆ ದಿನ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ.

ತಂತಿ ಬೇಲಿಯಲ್ಲಿ ಎಳೆತ ಬೀಳುವುದು ಮೂಲೆ ಕಂಬ, ಕೊನೆ ಕಂಬ, ಗೇಟಿನ ಕಂಬಗಳ ಮೇಲೆ. ನಡುವಿನ ಕಂಬಗಳಿಗೆ ತಂತಿಯನ್ನು ಎತ್ತರಕ್ಕೆ ಹಿಡಿದು ನಿಲ್ಲಿಸುವ ಕೆಲಸ ಅಷ್ಟೇ. ಅದಕ್ಕೇ ಮೂಲೆ, ಗೇಟು ಮೊದಲು ಚುಚ್ಚಿ ನೋಡಿ. ಆ ಕಂಬಗಳಿಗೆ ಮೂರು, ಮೂರೂವರೆ ಅಡಿ ಆಳ ಬೇಕು, ಜೊತೆಗೆ ಓರೆಯಾಗಿ ಕೊಡುವ ಆಸರೆ ಕಂಬದ ಬುಡಕ್ಕೂ ಜಾಗ ಬೇಕು. ಅಲ್ಲಿ ಬಂಡೆ ಇದ್ದರೆ ಗೇಟನ್ನೇ ಹತ್ತು ಅಡಿ ಸರಿಸುವ ತೀರ್ಮಾನವನ್ನು ಕಾಗದದ ಮೇಲೆ ಮಾಡುವುದು ಸುಲಭ, ಕಂಬ ನೆಟ್ಟ ಮೇಲೆ ಅಲ್ಲ. ಇವು ಖಚಿತವಾದ ಮೇಲೆ ನಡುವೆ ಹುರಿ ಎಳೆದು ಗೂಟ ಹೊಡೆದು ಉಳಿದದ್ದನ್ನು ಚುಚ್ಚಿ.

ನಡುವಿನ ಕಂಬ ಎಂಟು ಅಡಿಗೇ ಇರಬೇಕು ಅಂತ ಶಾಸನ ಏನಿಲ್ಲ. ಒಂದು ಕಡೆ ಏಳು, ಒಂದು ಕಡೆ ಒಂಬತ್ತೂವರೆ ಆದರೆ ಬಿಗಿದ ತಂತಿಗೆ ಗೊತ್ತೂ ಆಗುವುದಿಲ್ಲ. ಸರಿಸುವಾಗ ಹುರಿಯ ಸಾಲಿನಲ್ಲೇ ಎಡಕ್ಕೋ ಬಲಕ್ಕೋ ಸರಿಸಿ, ಅಡ್ಡಕ್ಕೆ ಬೇಡ. ಸಾಲಿನಿಂದ ಹೊರಗೆ ಹೋದ ಕಂಬವನ್ನು ತಂತಿ ದಿನವೂ ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ನಿಮ್ಮದು ತಂತಿ ಬೇಲಿ ಆಗಿರುವುದು ಪುಣ್ಯ. ಅಳತೆ ಮಾಡಿದ ಚೌಕಟ್ಟು ಕೂರಿಸುವ ಬೇಲಿಯಾಗಿದ್ದರೆ ಈ ಸ್ವಾತಂತ್ರ್ಯ ಸಿಗುತ್ತಿರಲಿಲ್ಲ.

ಸರಿಸಲು ಆಗದ ಕಡೆ ಏನು ಮಾಡುವುದು? ಗುಂಡುಕಲ್ಲಾದರೆ ಒಂದು ಬದಿಯಲ್ಲಿ ಅದರ ಬುಡದವರೆಗೂ ಅಗೆದು, ಹಾರೆ ಹಾಕಿ ಮೀಟಿ. ಒಂದಿಷ್ಟು ಎದ್ದಾಗ ಅಡಿಗೆ ಸಣ್ಣ ಕಲ್ಲು ಕೊಡಿ, ಮತ್ತೆ ಮೀಟಿ. ಕೈ ಮಾತ್ರ ಕಲ್ಲಿನಡಿ ಹಾಕಬೇಡಿ. ಕಲ್ಲು ಹೊರಬಂದ ಮೇಲೆ ಗುಂಡಿ ಬಾವಿಯಷ್ಟು ಅಗಲ ಆಗಿರುತ್ತದೆ. ಆಗ ಮಣ್ಣನ್ನು ಒಂದೇ ಸಲ ಸುರಿಯಬೇಡಿ. ಅರ್ಧ ಗೇಣಿನಷ್ಟು ಹಾಕಿ, ಹಾರೆಯ ಹಿಂಬದಿಯಿಂದ ಗುದ್ದಿ ಬಿಗಿ ಮಾಡಿ, ಮತ್ತೆ ಅಷ್ಟು ಹಾಕಿ. ಬಂದ ಕಲ್ಲುಚೂರುಗಳನ್ನು ಕಂಬದ ಸುತ್ತ ಬೆಣೆಯಂತೆ ಜಡಿಯಿರಿ. ಹೀಗೆ ಜಡಿದ ಕಂಬ ಕಾಂಕ್ರೀಟಿಗೆ ಏನೂ ಕಡಿಮೆ ಇರುವುದಿಲ್ಲ, ನೀರೂ ಬಸಿದು ಹೋಗುತ್ತದೆ.

ಒಡೆಯಲೇಬೇಕು ಅಂದರೆ ಸಾಲಾಗಿ ಒಂದೊಂದು ಅಂಗೈ ಅಂತರಕ್ಕೆ ಡ್ರಿಲ್ಲಿನಿಂದ ತೂತು ಕೊರೆದು, ಒಂದೊಂದರಲ್ಲೂ ಎರಡು ಉಕ್ಕಿನ ಪಟ್ಟಿಗಳ ನಡುವೆ ಬೆಣೆ ಇಟ್ಟು, ಸಾಲಿನ ಉದ್ದಕ್ಕೂ ಸರದಿಯಲ್ಲಿ ಒಂದೊಂದೇ ಏಟು ಹಾಕುತ್ತಾ ಬನ್ನಿ. ಏಟಿನ ಸದ್ದು ಏರುತ್ತಾ ಹೋಗುತ್ತದೆ. ಅವಸರ ಮಾಡಬೇಡಿ, ನಡುವೆ ಸ್ವಲ್ಪ ಕಾಯಿರಿ, ಕಲ್ಲು ತಾನೇ ಬಿರುಕು ಬಿಟ್ಟು ಸೀಳುತ್ತದೆ. ಕಣ್ಣಿಗೆ ಕನ್ನಡಕ ಇರಲೇಬೇಕು. ಬೆಂಕಿ ಹಾಕಿ ಕಾಯಿಸಿ ನೀರು ಸುರಿದು ಒಡೆಯುವ ಹಳೆಯ ವಿದ್ಯೆ ಬೇಡ. ಚೂರು ಯಾವ ಕಡೆ ಸಿಡಿಯುತ್ತದೆ ಅಂತ ಹೇಳಲಾಗದು.

ಹಾಸುಬಂಡೆಯಾದರೆ ಅದನ್ನು ಶತ್ರು ಅನ್ನಬೇಡಿ, ಅದಕ್ಕಿಂತ ಗಟ್ಟಿ ಬುನಾದಿ ಎಲ್ಲಿ ಸಿಗುತ್ತದೆ? ಮೇಲಿನ ಮಣ್ಣು ತೆಗೆದು, ಬಂಡೆಗೆ ಒಂದು ಗೇಣಿನಷ್ಟು ಆಳದ ತೂತು ಕೊರೆದು, ಒಳಗಿನ ಪುಡಿಯನ್ನು ಪೂರ್ತಿ ಊದಿ ತೆಗೆದು, ಉಕ್ಕಿನ ಸರಳನ್ನು ಅಂಟುಗಾರೆಯಲ್ಲಿ ಕೂರಿಸಿ. ಅದಕ್ಕೆ ಕಬ್ಬಿಣದ ಕಂಬ ಬಿಗಿಯಬಹುದು. ಕೊರೆಯುವುದೂ ಬೇಡ ಅನ್ನಿಸಿದರೆ ಕಲ್ಲುಬುಟ್ಟಿ ಮಾಡಿ. ಗಟ್ಟಿ ತಂತಿಬಲೆಯನ್ನು ಮೂರು ಅಡಿ ಅಗಲಕ್ಕೆ ಸುತ್ತಿ ನಿಲ್ಲಿಸಿ, ನಡುವೆ ಕಂಬ ಇಟ್ಟು, ಬೇರೆ ಗುಂಡಿಗಳಿಂದ ಬಂದ ಕಲ್ಲನ್ನೆಲ್ಲಾ ಅದರಲ್ಲಿ ತುಂಬಿ. ಕಲ್ಲನ್ನು ಸುರಿಯದೆ ಕೈಯಿಂದ ಒಂದೊಂದಾಗಿ ಜೋಡಿಸಿ. ನೆಲಕ್ಕೆ ಒಂದು ಬೆರಳೂ ಇಳಿಯದ ಕಂಬ ಬುಟ್ಟಿಯ ಭಾರದ ಮೇಲೆಯೇ ನಿಲ್ಲುತ್ತದೆ. ನೋಡಲು ಚೆನ್ನಾಗಿಯೂ ಇರುತ್ತದೆ ಅಂತ ನನ್ನ ಅಭಿಪ್ರಾಯ, ಎಲ್ಲರೂ ಒಪ್ಪುವುದಿಲ್ಲ.

ಅಗರ್ ವಿಷಯಕ್ಕೆ ಬರುತ್ತೇನೆ. ಮುರಿದ ಬೋಲ್ಟ್ ಮುರಿಯಲೆಂದೇ ಇಟ್ಟದ್ದು. ಕಲ್ಲಿಗೆ ಸಿಕ್ಕಾಗ ಅದು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತದೆ. ಮುರಿಯದಿರಲಿ ಅಂತ ಅದಕ್ಕಿಂತ ಗಟ್ಟಿ ಬೋಲ್ಟ್ ಹಾಕಿಸುವವರಿದ್ದಾರೆ. ಮುಂದಿನ ಸಲ ಮುರಿಯುವುದು ಗೇರ್‌ಬಾಕ್ಸೇ. ಅದೇ ಅಳತೆಯ, ಅದೇ ದರ್ಜೆಯ ಬೋಲ್ಟ್ ಹಾಕಿಸಿ. ಕೈಯಲ್ಲಿ ಹಿಡಿಯುವ ಅಗರ್ ತರಿಸುವ ಯೋಚನೆ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಸುತ್ತುತ್ತಿರುವ ಅಗರ್ ಕಲ್ಲಿಗೆ ಸಿಕ್ಕಿ ನಿಂತರೆ ಹಿಡಿಯೇ ಸುತ್ತಲು ಶುರು ಮಾಡುತ್ತದೆ, ಮಣಿಕಟ್ಟು ತಿರುಚುವುದು ಹೀಗೇ. ಸರಳು ಪೂರ್ತಿ ಇಳಿದ ಜಾಗಗಳಿಗೆ ಮಾತ್ರ ಅಗರ್ ಕೊಡಿ, ಉಳಿದವು ಹಾರೆಯ ಪಾಲು. ಗೂಟಕ್ಕೆ ಬಿಳಿ ಬಟ್ಟೆ ಕಟ್ಟಿದರೆ ಅಗರ್, ಕೆಂಪು ಬಟ್ಟೆ ಕಟ್ಟಿದರೆ ಹಾರೆ ಅಂತ ಗುರುತು ಮಾಡಿಕೊಂಡರೆ ಯಂತ್ರದವರು ಕೇಳಿ ಕೇಳಿ ನಿಲ್ಲಬೇಕಾಗಿಲ್ಲ.

ಈಗಾಗಲೇ ನಿಂತುಹೋದ ನಿಮ್ಮ ಎರಡು ಗುಂಡಿಗಳಿಂದಲೇ ಶುರು ಮಾಡಿ, ಅಲ್ಲಿ ಕಲ್ಲಿನ ಮುಖ ಕಣ್ಣಿಗೇ ಕಾಣುತ್ತದೆ. ಮೂರನೆಯದರ ತಳ ಗುಡಿಸಿ ನೋಡಿ. ಮುಖ ಉಬ್ಬಾಗಿದ್ದರೆ ಇಳಿಜಾರು ಯಾವ ಕಡೆ ಇದೆಯೋ ಆ ಕಡೆಗೆ ಒಂದು ಗೇಣು, ಎರಡು ಗೇಣು, ಮೂರು ಗೇಣು ಅಂತ ಚುಚ್ಚುತ್ತಾ ಹೋಗಿ. ಚಪ್ಪಟೆಯಾಗಿದ್ದರೆ ನಾಲ್ಕನೆಯದರ ತಳವನ್ನೂ ನೋಡಿ, ನಡುವಿನ ಎಂಟು ಅಡಿಯಲ್ಲಿ ಮೂರು ಕಡೆ ಚುಚ್ಚಿ. ಎಲ್ಲಾ ಒಂದೇ ಆಳಕ್ಕೆ ನಿಂತರೆ ಎರಡೂ ಒಂದೇ ಹಾಸುಬಂಡೆ, ಅಲ್ಲಿಗೆ ಕಲ್ಲುಬುಟ್ಟಿಯೇ ಗತಿ. ಬೇಡವಾದ ಗುಂಡಿಗಳನ್ನು ಅದೇ ದಿನ ಮುಚ್ಚಿ, ಗುದ್ದಿ ಬಿಗಿ ಮಾಡಿ. ಹುಲ್ಲು ಬೆಳೆದ ಮೇಲೆ ಅಂಥ ಒಂದು ಅಡಿ ಗುಂಡಿ ಕಾಣುವುದಿಲ್ಲ, ಕರುವಿನ ಕಾಲಿಗೆ ಮಾತ್ರ ಸರಿಯಾಗಿ ಸಿಗುತ್ತದೆ.